ಪಾಪ್-ಅಪ್ ಕ್ಯಾಂಪರ್‌ನ ಸೂರು ಸರಿಯಾಗಿ ಕೂರದಿದ್ದಾಗ: ನನ್ನ ಅನುಭವ

ಪಾಪ್-ಅಪ್ ಕ್ಯಾಂಪರ್, ಅಂದರೆ ಸೂರು ಮೇಲೇಳುವ ಪ್ರವಾಸದ ಗಾಡಿ, ಸೋರುತ್ತಿದೆ ಎಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಅಂಚಿನ ರಬ್ಬರ್ ಬದಲಾಯಿಸಿ. ನನ್ನ ಪ್ರಕಾರ ರಬ್ಬರ್ ಸರದಿ ಕೊನೆಗೆ ಬರಬೇಕು. ಸೂರೇ ಸೊಟ್ಟಗೆ ಕೂರುತ್ತಿದ್ದರೆ ಎಂಥ ಒಳ್ಳೆಯ ರಬ್ಬರ್ ಹಾಕಿದರೂ ನೀರು ನಿಲ್ಲುವುದಿಲ್ಲ.

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಬೇಸಿಗೆ ಬಂತೆಂದರೆ ಇಲ್ಲಿನ ಸರೋವರಗಳ ದಡದ ಸ್ಟೇಟ್ ಪಾರ್ಕ್‌ಗಳಲ್ಲಿ ಇಂಥ ಗಾಡಿಗಳು ತುಂಬಿರುತ್ತವೆ. ಕಾರಿನ ಹಿಂದೆ ಎಳೆದೊಯ್ಯುವ ತಗ್ಗಾದ ಪೆಟ್ಟಿಗೆ. ವಿಂಚ್‌ನ ಹಿಡಿ ತಿರುಗಿಸಿದರೆ ನಾಲ್ಕು ಕಂಬಗಳ ಮೇಲೆ ಸೂರು ಏಳುತ್ತದೆ, ಹಾಸಿಗೆಗಳು ಎರಡೂ ಕಡೆ ಹೊರಗೆ ಬರುತ್ತವೆ, ಗೋಡೆಯೆಲ್ಲ ಕ್ಯಾನ್ವಾಸ್. ನಾವು ಕೊಂಡದ್ದು ಹಳೆಯದು. ಮುಚ್ಚಿದಾಗ ಹಿಂಬದಿಯ ಎಡ ಮೂಲೆ ಅರ್ಧ ಇಂಚು ಮೇಲೇ ನಿಲ್ಲುತ್ತಿತ್ತು. ಮಳೆಯಲ್ಲಿ ಎಳೆದುಕೊಂಡು ಬಂದರೆ ಒಳಗಿನ ಹಾಸಿಗೆ ಒದ್ದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ.

ಮೊದಲು ಗಾಡಿಯನ್ನು ಮಟ್ಟ ಮಾಡಿ. ಅಡ್ಡಕ್ಕೆ ಮಟ್ಟ ಬೇಕಾದರೆ ಚಕ್ರದ ಕೆಳಗೆ ಹಲಗೆ, ಉದ್ದಕ್ಕೆ ಬೇಕಾದರೆ ಮುಂದಿನ ಜ್ಯಾಕ್. ಗಾಡಿಯೊಳಗಿನ ನೆಲದ ಮೇಲೆ ರಸಮಟ್ಟ ಇಟ್ಟು ನೋಡಿದರೆ ಸಾಕು. ಮೂಲೆಗಳಲ್ಲಿರುವ ಸ್ಟೆಬಿಲೈಸರ್ ಜ್ಯಾಕ್‌ಗಳು ಗಾಡಿ ಅಲುಗಾಡದಂತೆ ಹಿಡಿಯಲು ಮಾತ್ರ, ಭಾರ ಎತ್ತಲು ಅಲ್ಲ. ಅವುಗಳಿಂದ ಒಂದು ಮೂಲೆಯನ್ನು ಎತ್ತಿಬಿಟ್ಟರೆ ಚಾಸಿಯೇ ತಿರುಚಿಕೊಳ್ಳುತ್ತದೆ. ಆಮೇಲೆ ಸೂರಿನ ಅಳತೆ ಏನು ತೆಗೆದರೂ ಸುಳ್ಳು.

ಎರಡನೆಯದು, ಸೂರಿಗೆ ಏನಾದರೂ ಅಡ್ಡ ಬರುತ್ತಿದೆಯಾ ನೋಡಿ. ಹಾಸಿಗೆಯ ಹಲಗೆ ಪೂರ್ತಿ ಒಳಗೆ ಹೋಗಿರಬೇಕು. ಕ್ಯಾನ್ವಾಸ್‌ನ ಮಡಿಕೆ ಅಂಚಿನಲ್ಲಿ ಸಿಕ್ಕಿಕೊಂಡಿರಬಾರದು. ದಿಂಬು, ರಜಾಯಿಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚುವವರು ತುಂಬಾ ಜನ. ಆ ಗುಡ್ಡೆ ಸೂರನ್ನು ಒಳಗಿನಿಂದ ತಳ್ಳುತ್ತಿರುತ್ತದೆ. ಅನುಮಾನ ಇದ್ದರೆ ಎಲ್ಲ ಹೊರಗೆ ತೆಗೆದು ಖಾಲಿ ಗಾಡಿಯನ್ನೇ ಮುಚ್ಚಿ ನೋಡಿ. ನಮ್ಮದು ಖಾಲಿ ಇದ್ದಾಗಲೂ ಆ ಮೂಲೆ ಇಳಿಯಲಿಲ್ಲ. ಹಾಗಾಗಿ ಎತ್ತುವ ವ್ಯವಸ್ಥೆಯನ್ನೇ ನೋಡಬೇಕಾಯಿತು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಏರಿಸಿದ ಸೂರಿನ ಕೆಳಗೆ ಕೈ, ತಲೆ ಹಾಕುವ ಮೊದಲು ನಾಲ್ಕೂ ಮೂಲೆಗೆ ಮರದ ಊರೆ ಕೊಡಿ. ಬರೀ ಕೇಬಲ್ ನಂಬಬೇಡಿ.

ವಿಂಚ್‌ನ ಕೇಬಲ್ ಗಾಡಿಯ ನೆಲದಡಿಯಲ್ಲಿ ಹೋಗಿ ನಾಲ್ಕು ಮೂಲೆಗೂ ಹಂಚಿಕೆಯಾಗುತ್ತದೆ. ಮಾದರಿಗೆ ತಕ್ಕಂತೆ ಮೂಲೆಗೆ ಹೋಗುವುದು ಕೇಬಲ್ ಇರಬಹುದು, ಉದ್ದನೆಯ ಸ್ಪ್ರಿಂಗ್ ಇರಬಹುದು. ಏರುವಾಗ ವಿಂಚ್ ಎಳೆಯುತ್ತದೆ. ಇಳಿಯುವಾಗ ಎಳೆಯುವವರು ಯಾರೂ ಇಲ್ಲ, ಸೂರು ತನ್ನ ಭಾರದಿಂದಲೇ ಇಳಿಯಬೇಕು. ಆದ್ದರಿಂದ ಏರಿಸುವಾಗ ಕಾಣದ ದೋಷ ಇಳಿಸುವಾಗ ಕಾಣುತ್ತದೆ. ನಾನು ನಿಧಾನಕ್ಕೆ ಇಳಿಸುತ್ತಾ ನೋಡಿದೆ. ಮೂರು ಕಂಬ ನುಣ್ಣಗೆ ಇಳಿದವು. ನಾಲ್ಕನೆಯದು ತಡೆದು ತಡೆದು, ಜರ್ಕ್ ಹೊಡೆಯುತ್ತಾ ಬಂತು. ಆ ಕಂಬದೊಳಗೆ ಹಳೆಯ ಗ್ರೀಸ್ ರಸ್ತೆಯ ಧೂಳು ಹಿಡಿದು ಗಟ್ಟಿಯಾಗಿತ್ತು. ಅದೇ ಮೂಲೆಯ ಕೇಬಲ್ ಹಾಯುವ ರಾಟೆ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಕಂಬ ಒರೆಸಿ ಒಣ ಸಿಲಿಕೋನ್ ಸ್ಪ್ರೇ ಹೊಡೆದೆ, ರಾಟೆ ಹೊಸದು ಹಾಕಿದೆ. ಹಾಗಂತ ವಿಂಚ್‌ನ ಬ್ರೇಕ್ ಬಿಲ್ಲೆಗೆ ಮಾತ್ರ ಎಣ್ಣೆ ಸೋಕಿಸಬೇಡಿ. ಅದು ಜಾರಿದರೆ ಸೂರು ಕೆಳಗೆ ಬೀಳುತ್ತದೆ.

ಇನ್ನೂ ಸ್ವಲ್ಪ ಎತ್ತರ ಉಳಿದಿತ್ತು. ಆ ಮೂಲೆಯ ಕೇಬಲ್‌ನ ನಟ್ ಜಾಸ್ತಿ ಬಿಗಿಯಾಗಿತ್ತು. ಏರಿಸಿದಾಗ ಸಮ ಕಾಣಲಿ ಅಂತ ಹೀಗೆ ಬಿಗಿ ಮಾಡುವುದುಂಟು. ಆಗ ಕೇಬಲ್‌ನಲ್ಲಿ ಸಡಿಲವೇ ಉಳಿಯದೆ ಮೂಲೆ ತಳದವರೆಗೆ ಇಳಿಯುವುದಿಲ್ಲ. ಅರ್ಧರ್ಧ ಸುತ್ತು ಬಿಡುತ್ತಾ, ಪ್ರತಿ ಸಲ ಮುಚ್ಚಿ ಅಳೆಯುತ್ತಾ ಹೋದೆ. ಬೇಸರದ ಕೆಲಸ, ಆದರೆ ಅವಸರ ಸಲ್ಲ. ಲ್ಯಾಚ್ ಹಾಕಿ ಎಳೆದರೆ ಸೂರು ಕೂರುತ್ತದಲ್ವಾ ಅಂತ ಕೇಳಬಹುದು. ಕೂರುತ್ತದೆ, ನಿಜ. ಆದರೆ ಆ ಒತ್ತಡವನ್ನೆಲ್ಲ ಸೂರಿನ ಅಂಚು ತಡೆದುಕೊಳ್ಳಬೇಕು. ಕಾಲಕ್ರಮೇಣ ಅಲ್ಲೇ ಬಿರುಕು.

ಈಗ ರಬ್ಬರ್. ಅಂಚಿಗೆ ಸೀಮೆಸುಣ್ಣ ಬಳಿದು, ಸೂರು ಮುಚ್ಚಿ ತೆರೆದರೆ ರಬ್ಬರ್ ಎಲ್ಲಿ ತಾಗುತ್ತದೆ, ಎಲ್ಲಿ ಇಲ್ಲ ಎಂದು ಗುರುತು ಬೀಳುತ್ತದೆ. ಲ್ಯಾಚ್ ಹಾಕಿದ ಮೇಲೆ ನಡುವೆ ಸಿಕ್ಕಿಸಿದ ಕಾಗದ ಸಲೀಸಾಗಿ ಬಂದರೆ ಅಲ್ಲಿ ಒತ್ತಡ ಇಲ್ಲ ಎಂದರ್ಥ. ನಮ್ಮ ರಬ್ಬರ್ ಚಪ್ಪಟೆಯಾಗಿ ಹೋಗಿತ್ತು, ಒತ್ತಿ ಬಿಟ್ಟರೆ ಮತ್ತೆ ಉಬ್ಬುತ್ತಿರಲಿಲ್ಲ. ಒಳಗೆ ಟೊಳ್ಳಾಗಿರುವ ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಪಟ್ಟಿ ತಂದೆ. ಹಳೆಯ ಅಂಟು ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬೆಚ್ಚಗಿನ ದಿನ ಅಂಟಿಸಿದೆ. ಪಟ್ಟಿಯನ್ನು ಎಳೆದು ಅಂಟಿಸಬಾರದು. ಅದು ಆಮೇಲೆ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ. ಓಡುವಾಗ ಮಳೆ ಎದುರಿನಿಂದ ಹೊಡೆಯುವುದರಿಂದ ಪಟ್ಟಿಯ ಎರಡು ತುದಿ ಸೇರುವ ಜೋಡಣೆಯನ್ನು ಹಿಂಬದಿಗೆ ಇಟ್ಟೆ. ಇಪಿಡಿಎಂಗೆ ವ್ಯಾಸಲೀನ್, ಎಂಜಿನ್ ಆಯಿಲ್ ಆಗಿಬರುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ.

ಸೂರಿನ ಮೇಲ್ಭಾಗವನ್ನೂ ಬಿಡಬೇಡಿ. ಗಾಳಿಕಿಂಡಿಯ ಸುತ್ತ ಯಾರೋ ಸಿಲಿಕೋನ್ ಮೆತ್ತಿದ್ದರು. ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ, ಪೂರ್ತಿ ಕೆರೆಯಲೇಬೇಕು. ನಮ್ಮದು ಎಬಿಎಸ್ ಪ್ಲಾಸ್ಟಿಕ್ ಸೂರು. 3 ಮೀಟರ್ ಉದ್ದದ ಎಬಿಎಸ್ ಹಾಳೆ, ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬದಲಾದರೆ ಸುಮಾರು 1 ಸೆಂಟಿಮೀಟರ್ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಮಿಷಿಗನ್‌ನ ಚಳಿಗಾಲಕ್ಕೂ ಬೇಸಿಗೆಗೂ ಅಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ. ಗಟ್ಟಿಯಾಗಿ ಒಣಗುವ ಪುಟ್ಟಿ ಹಾಗಾಗಿಯೇ ಬಿರಿಯುವುದು. ಗಾಳಿಕಿಂಡಿಯ ಚೌಕಟ್ಟಿನ ಅಡಿಗೆ ಬ್ಯೂಟೈಲ್ ಟೇಪ್ ಹಾಕಿದೆ. ಅದು ಅಂಟಂಟಾಗಿಯೇ ಇದ್ದು ಸೂರಿನ ಜೊತೆಗೇ ಸರಿಯುತ್ತದೆ.

ಪರೀಕ್ಷೆಗೆ ಒಳಗಿನ ಅಂಚಿನ ಉದ್ದಕ್ಕೂ ಹಳೆಯ ಪೇಪರ್ ಹಾಸಿ, ಸೂರು ಮುಚ್ಚಿ, ಹೋಸ್‌ನಿಂದ ನೀರು ಬಿಟ್ಟೆ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಬೇಕು, ಪ್ರತಿ ಹಂತದಲ್ಲೂ ತೆರೆದು ನೋಡಬೇಕು. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲಿಂದ ನುಗ್ಗಿತು ಎಂದು ಗೊತ್ತೇ ಆಗುವುದಿಲ್ಲ. ಪೇಪರ್ ಒದ್ದೆಯಾದದ್ದು ಬಾಗಿಲ ಪಕ್ಕದ ಒಂದೇ ಕಡೆ. ಅಲ್ಲಿ ಪಟ್ಟಿ ಸ್ವಲ್ಪ ಎದ್ದಿತ್ತು, ಮತ್ತೆ ಅಂಟಿಸಿದೆ. ಹಿಂಬದಿಯ ಎಡ ಮೂಲೆ ಈಗಲೂ ಉಳಿದವಕ್ಕಿಂತ ಕೂದಲೆಳೆಯಷ್ಟು ಎತ್ತರ ಇದೆ. ಕಾಗದ ಅಲ್ಲಿ ಬಿಗಿಯಾಗಿ ನಿಲ್ಲುತ್ತದೆ, ಹಾಗಾಗಿ ಆ ನಟ್‌ಗೆ ಮತ್ತೆ ಕೈ ಹಚ್ಚಿಲ್ಲ.