ಬೋಳುಬಿದ್ದ ಲಾನ್‌ನಲ್ಲಿ ಮತ್ತೆ ಗರಿಕೆ ಹಬ್ಬಿಸಿದ್ದು: ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ಮುಂದಿನ ಲಾನ್ ಸುಮಾರು 600 ಚದರ ಅಡಿ, ಅಂದರೆ 56 ಚದರ ಮೀಟರ್. ಎರಡು ವರ್ಷ ಆರೈಕೆ ತಪ್ಪಿ ಅರ್ಧ ಜಾಗ ಬೋಳಾಗಿತ್ತು. ಉಳಿದರ್ಧದಲ್ಲಿ ಗರಿಕೆಯ ಜೊತೆ ಜೇಕು, ಹುಳಿಸೊಪ್ಪು, ಅಚ್ಚೆಗಿಡದಂಥ ಕಳೆಗಳು ಸೇರಿಕೊಂಡಿದ್ದವು. ಇಂಥ ಲಾನ್ ಕಂಡರೆ ಎಲ್ಲವನ್ನೂ ಅಗೆದು ಹೊಸ ಕಾರ್ಪೆಟ್ ಹುಲ್ಲು ಹಾಸುವುದೇ ರೂಢಿ. ನಾನು ಹಾಗೆ ಮಾಡಲಿಲ್ಲ. ಮೇಲೆ ಒಣಗಿ ಕಂಡರೂ ಗರಿಕೆಯ ಬಳ್ಳಿ ಮಣ್ಣಿನೊಳಗೆ ಬದುಕಿರುತ್ತದೆ. ಅದು ಹಬ್ಬದಂತೆ ತಡೆದಿರುವುದು ಏನು ಎಂದು ಪ್ರತಿ ಬೋಳು ಜಾಗಕ್ಕೂ ಬೇರೆಬೇರೆಯಾಗಿ ಹುಡುಕಿ ಸರಿಪಡಿಸಿದರೆ ಹುಲ್ಲು ತಾನಾಗಿಯೇ ಜಾಗ ತುಂಬುತ್ತದೆ. ಕಾರಣ ಹಾಗೇ ಇಟ್ಟು ಹೊಸ ಹುಲ್ಲು ಹಾಸಿದರೆ ಅದೇ ಜಾಗ ಮರುವರ್ಷ ಮತ್ತೆ ಬೋಳು.

ಏಪ್ರಿಲ್ ಕೊನೆಯಲ್ಲಿ ಪರೀಕ್ಷೆ ಶುರು ಮಾಡಿದೆ. ಹಿಂದಿನ ಸಂಜೆ ಚೆನ್ನಾಗಿ ನೀರುಣಿಸಿ, ಬೆಳಿಗ್ಗೆ 15 ಸೆಂ.ಮೀ. ಉದ್ದದ ಸ್ಕ್ರೂಡ್ರೈವರನ್ನು ಅಲ್ಲಲ್ಲಿ ಕೈಯಿಂದ ಒತ್ತಿದೆ. ಗೇಟಿನಿಂದ ಬಾಗಿಲವರೆಗೆ ಜನ ಅಡ್ಡ ಹಾಯುವ ಕಡೆ ಅದು 3 ಸೆಂ.ಮೀ.ಗೆ ನಿಂತಿತು. ಸಪೋಟ ಮರದ ಬುಡದ ಹತ್ತಿರ ಸಲೀಸಾಗಿ 12 ಸೆಂ.ಮೀ. ಇಳಿಯಿತು. ಎರಡೂ ಬೋಳು ಜಾಗಗಳೇ, ಆದರೆ ಒಂದರ ರೋಗ ಗಟ್ಟಿ ಮಣ್ಣು, ಇನ್ನೊಂದರದು ನೆರಳು. ಗರಿಕೆಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಮರದಡಿ ಮೂರು ಗಂಟೆಯೂ ಇರಲಿಲ್ಲ. ಇನ್ನು ಅಂಗೈಯಗಲ ಒಣಗಿ ಸುತ್ತ ಕಡುಹಸಿರು ಉಂಗುರ ಕಂಡರೆ ಅದು ನಾಯಿ ಮೂತ್ರ ಮಾಡಿದ ಗುರುತು. ಅದಕ್ಕೆ ಶಿಲೀಂಧ್ರನಾಶಕ ಬೇಡ, ಎರಡು ಬಕೆಟ್ ನೀರು ಸುರಿದು ತೊಳೆದರೆ ಸಾಕು.

ಮೇ ಎರಡನೇ ವಾರ ಹುಲ್ಲನ್ನು ಗಿಡ್ಡಗೆ ಕತ್ತರಿಸಿದೆ. ಒಂದೇ ಸಲಕ್ಕೆ ಅಲ್ಲ, ವಾರದ ಅಂತರದಲ್ಲಿ ಎರಡು ಸಲ, ಕೊನೆಗೆ 2 ಸೆಂ.ಮೀ. ಉಳಿಯುವಂತೆ. ಆಮೇಲೆ ಕಬ್ಬಿಣದ ರೇಕ್‌ನಿಂದ ಉದ್ದಕ್ಕೂ ಅಡ್ಡಕ್ಕೂ ಎಳೆದಾಗ ಬುಡದಲ್ಲಿ ಗಾದಿಯಂತೆ ಕೂತಿದ್ದ ಒಣ ನಾರು ಮೇಲೆ ಬಂತು. ಈ ನಾರಿನ ಪದರ ಒಂದೂವರೆ ಸೆಂ.ಮೀ. ದಾಟಿದರೆ ನೀರೂ ಗೊಬ್ಬರವೂ ಅದರಲ್ಲೇ ನಿಲ್ಲುತ್ತವೆ, ಬೇರು ಮಣ್ಣಿಗಿಳಿಯದೆ ಅದರೊಳಗೇ ಓಡಾಡುತ್ತದೆ. ಈ ಹಂತದಲ್ಲಿ ಲಾನ್ ಮೊದಲಿಗಿಂತ ಕೆಟ್ಟದಾಗಿ ಕಾಣುವುದು ಸಹಜ.

ಜೇಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮೂರು ಮೂಲೆಯ ದಂಟು ಬೆರಳಲ್ಲಿ ಉರುಳಿಸಿದರೆ ತಿಳಿಯುತ್ತದೆ. ಲಾನ್ ಕತ್ತರಿಸಿದ ಎರಡೇ ದಿನಕ್ಕೆ ಗರಿಕೆಗಿಂತ ಮೇಲೆದ್ದು ನಿಲ್ಲುತ್ತದೆ. ಕೈಯಿಂದ ಕಿತ್ತರೆ ಎಲೆ ಬರುತ್ತದೆ, ಗಡ್ಡೆ ಉಳಿಯುತ್ತದೆ. ಗಡ್ಡೆಗಳು ಒಂದಕ್ಕೊಂದು ದಾರದಂಥ ಬೇರುಕಾಂಡದಿಂದ ಸರಪಳಿಯಾಗಿರುತ್ತವೆ. ಮುಂದಿನದು ಬೆಳೆಯುತ್ತಿರುವಾಗ ಹಿಂದಿನವು ಮಲಗಿರುತ್ತವೆ. ಸರಪಳಿ ತುಂಡಾದ ಕೂಡಲೇ ಅವೂ ಚಿಗುರುತ್ತವೆ. ಒಂದು ಕಿತ್ತ ಕಡೆ ನಾಲ್ಕು ಹುಟ್ಟುವುದು ಇದಕ್ಕೇ. ನೆಲ ನೆನೆದಿರುವಾಗ ಕುರ್ಪಿಯನ್ನು ಪಕ್ಕದಲ್ಲಿ 15 ಸೆಂ.ಮೀ. ಇಳಿಸಿ, ಮಣ್ಣನ್ನು ಸಡಿಲಿಸಿ, ದಾರವನ್ನು ಹಿಡಿದು ಹೋದರೆ ಗಡ್ಡೆಗಳು ಒಟ್ಟಿಗೆ ಸಿಗುತ್ತವೆ. ತಪ್ಪಿಸಿಕೊಂಡವು ಚಿಗುರಿದಾಗ ಮತ್ತೆ ಅದೇ ಕೆಲಸ. ಹನ್ನೆರಡು ದಿನಕ್ಕೊಮ್ಮೆ ತಪ್ಪದೆ ಮಾಡಿದೆ. ಎಲೆ ಬಲಿತು ಹೊಸ ಗಡ್ಡೆ ಕಟ್ಟಲು ಬಿಡಬಾರದು. ಪಾರದರ್ಶಕ ಪ್ಲಾಸ್ಟಿಕ್ ಹಾಸಿ ಬಿಸಿಲಿಗೆ ಬೇಯಿಸುವ ವಿಧಾನ ಹುಳಿಸೊಪ್ಪು, ಅಚ್ಚೆಗಿಡದ ಬೀಜಗಳಿಗೆ ಒಳ್ಳೆಯದು, ಆದರೆ ಜೇಕಿನ ಗಡ್ಡೆಗೆ ಅದು ಸಾಲದು.

ಗಟ್ಟಿಯಾದ 150 ಚದರ ಅಡಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸಾಧನ ಮಾಡಿಸಿದೆ. ಅರ್ಧ ಇಂಚಿನ ಜಿಐ ಪೈಪಿನ ಎರಡು ತುಂಡು, ನಡುವೆ 11 ಸೆಂ.ಮೀ. ಅಂತರ, ಮೇಲೆ ಕಾಲಿಡಲು ಅಡ್ಡಪಟ್ಟಿ, ಅದರ ಮೇಲೆ ಉದ್ದನೆಯ ಹಿಡಿ. ಪೈಪಿನ ತುದಿಯನ್ನು ಹೊರಬದಿಯಿಂದ ಅರ ಹಾಕಿ ಚೂಪು ಮಾಡಬೇಕು, ಪಕ್ಕದಲ್ಲಿ ಉದ್ದಕ್ಕೆ ಸೀಳು ಬಿಡಿಸಬೇಕು. ಇಲ್ಲವಾದರೆ ಮಣ್ಣಿನ ಕಡ್ಡಿ ಒಳಗೇ ಸಿಕ್ಕಿಕೊಳ್ಳುತ್ತದೆ. ತುಳಿದು 8 ಸೆಂ.ಮೀ. ಇಳಿಸಿ ಎತ್ತಿದರೆ ಬೆರಳಿನಂಥ ಮಣ್ಣಿನ ತುಂಡು ಹೊರಬರುತ್ತದೆ. ಅಷ್ಟು ಜಾಗಕ್ಕೆ ಸುಮಾರು 550 ಸಲ ತುಳಿಯಬೇಕಾಯಿತು. ಸಾದಾ ಫೋರ್ಕ್ ಚುಚ್ಚಿದರೆ ತೂತು ಬೀಳುತ್ತದೆ, ಆದರೆ ಪಕ್ಕದ ಮಣ್ಣು ಇನ್ನಷ್ಟು ಒತ್ತುತ್ತದೆ; ಅದು ಸಾಧಾರಣ ಗಟ್ಟಿಯಿದ್ದಲ್ಲಿ ಮಾತ್ರ ಸಾಕು. ಕೆಸರಿದ್ದಾಗಲೂ ಒಣಗಿದಾಗಲೂ ಈ ಕೆಲಸ ಆಗದು, ಮಣ್ಣು ಹದದಲ್ಲಿರಬೇಕು. ಗೇಟಿನ ಅಡ್ಡದಾರಿಗೆ ಐದು ಕಲ್ಲು ಚಪ್ಪಡಿಗಳನ್ನು ಹುಲ್ಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೂರಿಸಿದೆ. ಜನ ನಡೆಯುವುದನ್ನು ತಪ್ಪಿಸಲಾಗದು.

ಮೇಲೆ ಹರಡುವ ಮಿಶ್ರಣ: ಮರಳು ಎರಡು ಪಾಲು, ಕೆಮ್ಮಣ್ಣು ಒಂದು, ಎರೆಗೊಬ್ಬರ ಒಂದು. ಇಡೀ ಲಾನ್‌ಗೆ 5 ಮಿ.ಮೀ. ದಪ್ಪಕ್ಕೆ 280 ಲೀಟರ್ ಬೇಕು. 15 ಲೀಟರಿನ ಬಾಂಡ್ಲಿಯಲ್ಲಿ ಹತ್ತೊಂಬತ್ತು. ಎಲ್ಲವನ್ನೂ ಜರಡಿ ಹಿಡಿಯಬೇಕು. ಎಂ-ಸ್ಯಾಂಡ್ ಆದರೆ ತೊಳೆದದ್ದೇ ಆಗಲಿ. ಅದರ ಕಲ್ಲುಪುಡಿ ನೀರು ತಾಗಿದರೆ ಹೆಪ್ಪುಗಟ್ಟಿ, ತೆಗೆದ ತೂತುಗಳನ್ನೇ ಮುಚ್ಚಿಬಿಡುತ್ತದೆ. ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರದಿದ್ದರೆ ಪಾರ್ಥೇನಿಯಂ ಬೀಜವನ್ನು ನೀವೇ ಬಿತ್ತಿದಂತೆ. ಕೊಂಡು ತಂದ ಕೆಮ್ಮಣ್ಣಿನಲ್ಲಿ ಜೇಕಿನ ಗಡ್ಡೆ ಬರುವುದು ಇನ್ನೂ ಸಾಮಾನ್ಯ. ಅದಕ್ಕೆ ನಾನು ಲೋಡಿನಿಂದ ನಾಲ್ಕು ಕಡೆಯ ಮಣ್ಣನ್ನು ಒಂದು ಟ್ರೇಗೆ ತುಂಬಿ, ಎರಡು ವಾರ ನೀರು ಹಾಕಿ, ಏನು ಮೊಳೆಯುತ್ತದೆ ಎಂದು ನೋಡಿಯೇ ಬಳಸುತ್ತೇನೆ. ಎರಡು ವಾರ ಕಾದರೆ ಎರಡು ವರ್ಷದ ಕಳೆ ಕೀಳುವುದು ತಪ್ಪುತ್ತದೆ. ಹರಡಿದ ಮೇಲೆ ಪೊರಕೆಯಿಂದ ಗುಡಿಸಿ ಮಿಶ್ರಣ ತೂತುಗಳೊಳಗೆ ಇಳಿಯುವಂತೆ ಮಾಡಿ; ಹುಲ್ಲಿನ ತುದಿ ಕಾಣುತ್ತಿರಬೇಕು.

ನೆಡಲು ಮೃಗಶಿರ ಮಳೆ ಸರಿಯಾದ ಕಾಲ, ಜೂನ್ ಎರಡನೇ ವಾರ. ಅಂಚು ದಾಟಿ ಕಾಲುದಾರಿಗೆ ಹಬ್ಬಿದ್ದ ಗರಿಕೆಯ ಬಳ್ಳಿಯನ್ನೇ ಕಿತ್ತು, ಎರಡು ಮೂರು ಗೆಣ್ಣು ಇರುವಂತೆ ತುಂಡು ಮಾಡಿ, 8 ಸೆಂ.ಮೀ. ಅಂತರದಲ್ಲಿ ನಾಟಿ ಮಾಡಿದೆ. ಗೆಣ್ಣು ಮಣ್ಣಿನೊಳಗೆ, ಒಂದು ತುದಿ ಹೊರಗೆ. ಕಿತ್ತ ಬಳ್ಳಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಡಿ. ಅರ್ಧ ಗಂಟೆ ಬಿಸಿಲಿಗೆ ಬಿದ್ದರೆ ಹಿಡಿಯುವುದಿಲ್ಲ. ಸಣ್ಣ ಬೋಳು ಜಾಗಗಳಿಗೆ ಹಳೆಯ ಮಾಲಿಗಳ ವಿಧಾನ ಇನ್ನೂ ಸುಲಭ: ಕತ್ತರಿಸಿದ ಗರಿಕೆ ಎರಡು ಪಾಲು, ಮಣ್ಣು ಒಂದು, ಹಸಿ ಸಗಣಿ ಒಂದು, ನೀರು ಹಾಕಿ ಕಲಸಿ ಬಗ್ಗಡ ಮಾಡಿ ಒಂದು ಇಂಚು ದಪ್ಪಕ್ಕೆ ಬಳಿದು ಮೇಲೆ ತೆಳುವಾಗಿ ಮಣ್ಣು ಉದುರಿಸುವುದು. ಎರಡು ವಾರದೊಳಗೆ ಮೊಳಕೆ ಕಂಡಿತು.

ಗಡಿಬಿಡಿ ಇದ್ದು ಕಾರ್ಪೆಟ್ ತುಂಡು ತರುವವರು ಅದರ ತಳ ನೋಡಿ. ಜೇಡಿಮಣ್ಣಿನಲ್ಲಿ ಬೆಳೆಸಿದ್ದರೆ ಬೇರು ಆ ಪದರದಲ್ಲೇ ಸುತ್ತಿಕೊಂಡು ಕೆಳಗಿನ ಸಡಿಲ ಮಣ್ಣಿಗೆ ಇಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಚಾಪೆಯಂತೆ ಎದ್ದುಬರುತ್ತದೆ. ತಳದ ಜೇಡಿಯನ್ನು ನೀರಲ್ಲಿ ತೊಳೆದು ಅರ್ಧ ಸೆಂ.ಮೀ. ಉಳಿಸಿ, ನೆಲದ ಮೇಲ್ಮೈ ಕೆರೆದು, ಆಮೇಲೆ ಹಾಸಿ ತುಳಿಯಬೇಕು.

ಸಪೋಟದ ಕೆಳಗಿನ ಕೊಂಬೆಗಳನ್ನು ಸವರಿದ ಮೇಲೂ ನಾಲ್ಕು ಗಂಟೆಗಿಂತ ಹೆಚ್ಚು ಬಿಸಿಲು ಬೀಳಲಿಲ್ಲ. ಅಲ್ಲಿ ಅಗಲ ಎಲೆಯ ಬಫಲೋ ಹುಲ್ಲು ನೆಟ್ಟೆ. ಬುಡದ ಸುತ್ತ ಮೂರಡಿ ಹುಲ್ಲಿನ ಆಸೆ ಬಿಟ್ಟು ಒಣಎಲೆ ಹೊದಿಸಿದೆ.

ಯೂರಿಯಾ ಕೊಡುವುದು ನಾಟಿಯಾಗಿ ಮೂರು ವಾರದ ಮೇಲೆ, ಚದರ ಮೀಟರಿಗೆ 10 ಗ್ರಾಂ, ಒಟ್ಟು 560 ಗ್ರಾಂ. ಒಣ ಮರಳಿನಲ್ಲಿ ಬೆರೆಸಿ, ಹುಲ್ಲು ಒಣಗಿರುವಾಗ ಎರಚಿ, ತಕ್ಷಣ ನೀರು ಹಾಯಿಸಬೇಕು. ಒದ್ದೆ ಎಲೆಗೆ ಅಂಟಿದ ಕಾಳು ಸುಟ್ಟ ಚುಕ್ಕೆ ಮಾಡುತ್ತದೆ. ಯೂರಿಯಾ ಕೊಟ್ಟರೂ ಹೊಸ ಎಲೆ ಹಳದಿಯಾಗಿದ್ದು ನರ ಮಾತ್ರ ಹಸಿರಾಗಿದ್ದರೆ ಕೊರತೆ ಕಬ್ಬಿಣದ್ದು. ಗಡಸು ಬೋರ್‌ವೆಲ್ ನೀರು ಹಾಕುವಲ್ಲಿ ಇದು ಸಾಮಾನ್ಯ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಸಿಂಪಡಿಸಿದೆ. ಟೈಲ್ಸಿಗೆ, ಚಪ್ಪಡಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಮೊದಲೇ ಮುಚ್ಚಿಡಿ.

ಬೇರು ಹಿಡಿಯುವ ತನಕ, ಅಂದರೆ ಮೂರು ವಾರ, ಮಳೆ ಇಲ್ಲದ ದಿನ ಮೇಲ್ಮಣ್ಣು ತೇವವಾಗಿರಬೇಕು. ಆಮೇಲೆ ದಿನಾ ಚಿಮುಕಿಸುವುದನ್ನು ನಿಲ್ಲಿಸಿ ವಾರಕ್ಕೆ ಎರಡೇ ಸಲ, ಒಟ್ಟು 25 ಮಿ.ಮೀ.; ನಮ್ಮ ಲಾನ್‌ಗೆ 1,400 ಲೀಟರ್. ನಾಲ್ಕು ಖಾಲಿ ಡಬ್ಬಿ ಇಟ್ಟು ಅಳೆಯಬಹುದು. ನೀರಿಗೆ ಬರ ಬಂದಾಗ ಗರಿಕೆಯನ್ನು ಕಂದಾಗಲು ಬಿಡಿ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಅಂಥ ಬೇಸಿಗೆಯಲ್ಲಿ ಒಣಗಿದ ಗರಿಕೆ ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ವಾಷಿಂಗ್ ಮೆಷಿನ್ನಿನ ನೀರನ್ನು ಮಾತ್ರ ಸತತವಾಗಿ ಹಾಕಬೇಡಿ, ಸೋಡಿಯಂ ಸೇರಿ ಮಣ್ಣು ಮತ್ತೆ ಗಟ್ಟಿಯಾಗುತ್ತದೆ.

ಮೊದಲ ಕತ್ತರಿಕೆ ಹುಲ್ಲು 5 ಸೆಂ.ಮೀ. ಆದಾಗ, 3.5ಕ್ಕೆ. ಯಾವ ಸಲವೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಬ್ಲೇಡು ಮೊಂಡಾಗಿದ್ದರೆ ತುದಿ ಹರಿದು ಮಾರನೇ ದಿನ ಇಡೀ ಲಾನ್ ಬಿಳಿಚಿ ಕಾಣುತ್ತದೆ.

ಗೊಣ್ಣೆ ಹುಳುವನ್ನು ಹುಡುಕುವ ಕಾಲ ಆಗಸ್ಟ್. ದುಂಬಿಗಳು ಮುಂಗಾರಿನ ಮೊದಲ ಮಳೆಗಳಿಗೆ ಮಣ್ಣಿಂದೆದ್ದು ಮೊಟ್ಟೆಯಿಡುತ್ತವೆ, ಮರಿಗಳು ಮಳೆಗಾಲವಿಡೀ ಬೇರು ತಿನ್ನುತ್ತವೆ. ಕಾಗೆ, ಗೊರವಂಕ ಒಂದೇ ಕಡೆ ಕುಕ್ಕುತ್ತಿದ್ದರೆ ಅಲ್ಲಿ ಹುಲ್ಲು ಹಿಡಿದೆಳೆದು ನೋಡಿ. ಒಂದು ಚದರ ಅಡಿಯಲ್ಲಿ ಐದಾರಕ್ಕಿಂತ ಹೆಚ್ಚು ಸಿಕ್ಕರೆ ಮಾತ್ರ ಚಿಂತೆ. ನನಗೆ ಮೂರು ಸಿಕ್ಕವು. ಆದರೂ ಮುನ್ನೆಚ್ಚರಿಕೆಗೆಂದು ಮೆಟರೈಝಿಯಂ (ಹುಳುವಿಗೆ ರೋಗ ತರುವ ಶಿಲೀಂಧ್ರ) ಪುಡಿಯನ್ನು ಎರೆಗೊಬ್ಬರದಲ್ಲಿ ಬೆರೆಸಿ ಸಂಜೆ ಒದ್ದೆ ನೆಲಕ್ಕೆ ಹರಡಿದೆ, ಬಿಸಿಲಿಗೆ ಆ ಶಿಲೀಂಧ್ರ ಸಾಯುತ್ತದೆ.

ಸೆಪ್ಟೆಂಬರ್ ಕೊನೆಗೆ ಬೋಳು ಜಾಗಗಳೆಲ್ಲ ಮುಚ್ಚಿದವು. ಅಕ್ಟೋಬರ್ ದಾಟಿದ ಮೇಲೆ ಹೊಸ ನಾಟಿ ಬೇಡ. ಚಳಿಗೆ ಗರಿಕೆ ಹಬ್ಬುವುದು ನಿಧಾನವಾಗುತ್ತದೆ. ಗೇಟಿನ ಪಕ್ಕದ ಮೂಲೆಯಲ್ಲಿ ಮಾತ್ರ ಜೇಕು ಇನ್ನೂ ಬರುತ್ತಿದೆ, ಒಂದು ಸುತ್ತಿಗೆ ಹತ್ತು ಹದಿನೈದು ಮೊಳಕೆ. ಕುರ್ಪಿ ಹಿಡಿದು ಹನ್ನೆರಡು ದಿನಕ್ಕೊಮ್ಮೆ ಆ ಮೂಲೆಗೆ ಹೋಗುವುದನ್ನು ನಿಲ್ಲಿಸಿಲ್ಲ.