ಹಿತ್ತಲ ಮರ ವಾಲಿದ್ದರೆ ಮೊದಲು ಬುಡ ನೋಡಿ

ಮರದ ಮೇಲೆ ಎಲೆ ಹಸಿರಾಗಿದೆ ಅಂತ ನಂಬಿ ಕೂರಬೇಡಿ. ಒಳಗಿನ ತಿರುಳು ಪೂರ್ತಿ ಕೊಳೆತರೂ ತೊಗಟೆಯ ಕೆಳಗಿನ ತೆಳು ಪದರ ನೀರು ಸಾಗಿಸುತ್ತಲೇ ಇರುತ್ತದೆ, ಹಾಗಾಗಿ ಚಿಗುರು ಬರುತ್ತದೆ. ಮರ ನಿಲ್ಲುವುದು ಎಲೆಯಿಂದಲ್ಲ, ಬೇರಿನಿಂದ.

ಬುಡದಲ್ಲಿ ತಟ್ಟೆಯಂತೆ ಅಣಬೆ ಎದ್ದಿದೆಯಾ? ಅದನ್ನು ಕಿತ್ತೆಸೆದರೆ ರೋಗ ಹೋಗಲ್ಲ, ಶಿಲೀಂಧ್ರ ಒಳಗೇ ಹಬ್ಬಿರುತ್ತದೆ. ಮರದ ಸುತ್ತಿಗೆಯಿಂದ ಕಾಂಡ ತಟ್ಟಿ: ಡೋಲಿನಂತೆ ಸದ್ದು ಬಂದರೆ ಟೊಳ್ಳು. ಗಟ್ಟಿ ಭಾಗದ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದಕ್ಕಿಂತ ಕಮ್ಮಿ ಉಳಿದಿದ್ದರೆ ಅಪಾಯ ಅಂತ ಸಾಮಾನ್ಯ ಲೆಕ್ಕ. ಹುಟ್ಟಿನಿಂದ ಓರೆಯಾಗಿ ಬೆಳೆದ ಮರಕ್ಕೆ ಹೆದರಬೇಕಿಲ್ಲ. ಆದರೆ ಇತ್ತೀಚೆಗೆ ವಾಲಿದ್ದು, ವಾಲಿದ ಕಡೆಯ ಎದುರು ಬದಿಯಲ್ಲಿ ಮಣ್ಣು ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬೇರು ಕಿತ್ತು ಬರುತ್ತಿದೆ ಎಂದರ್ಥ. ಅವತ್ತೇ ಮಕ್ಕಳು, ಗಾಡಿ, ದನಕರು ಎಲ್ಲವನ್ನೂ ಮರದ ಎತ್ತರದ ಒಂದೂವರೆ ಪಟ್ಟು ದೂರಕ್ಕೆ ಸರಿಸಿ.

ಹಗ್ಗ ಕಟ್ಟಿ ಎಳೆದು ಬೀಳಿಸೋಣ ಅನ್ನುವ ಧೈರ್ಯ ಬೇಡ, ದಯವಿಟ್ಟು! ಕೊಳೆತ ಮರ ನೀವು ಅಂದುಕೊಂಡ ಕಡೆ ಬೀಳಲ್ಲ. ಏಣಿ ಹಾಕಿ ಹತ್ತುವುದಂತೂ ಬೇಡವೇ ಬೇಡ. ಅನುಭವಸ್ಥರು ಮೇಲಿನಿಂದ ತುಂಡು ತುಂಡಾಗಿ ಇಳಿಸಲಿ. ಪಕ್ಕದಲ್ಲಿ ವಿದ್ಯುತ್ ತಂತಿ ಇದ್ದರೆ ಮೊದಲು ವಿದ್ಯುತ್ ಕಚೇರಿಗೇ ಫೋನ್ ಮಾಡಿ. ಕಡಿಯಲು ಅನುಮತಿ ಬೇಕಾ ಅಂತಲೂ ಕೇಳಿಕೊಳ್ಳಿ, ಅದಕ್ಕೆ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.

ಬರೀ ಒಂದು ಕೊಂಬೆ ಒಣಗಿದ್ದರೆ ಇಷ್ಟೆಲ್ಲ ಬೇಡ. ಕೊಂಬೆ ಕಾಂಡ ಸೇರುವ ಉಬ್ಬಿನ ಹೊರಗೆ ಕತ್ತರಿಸಿ, ಗಾಯಕ್ಕೆ ಬಣ್ಣ ಬಳಿಯದೆ ಬಿಡಿ.