ಪ್ರೋಟೀನ್ ಟೆಸ್ಟ್ ಮಾಡಿಸುವ ಮುಂಚೆ ಗಡಿಯಾರ ನೋಡಿ

ಎದೆ ನೋವು ಅಂತ ಆಸ್ಪತ್ರೆಗೆ ಹೋದರೆ ಟ್ರೋಪೋನಿನ್ ಟೆಸ್ಟ್. ಮಳೆಗಾಲದ ಜ್ವರಕ್ಕೆ ಡೆಂಗಿಯ ಎನ್‌ಎಸ್ ಒನ್. ಸಕ್ಕರೆ ಕಾಯಿಲೆ ಇದ್ದರೆ ಮೂತ್ರದಲ್ಲಿ ಆಲ್ಬುಮಿನ್, ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ. ಹೆಸರು ಬೇರೆ ಬೇರೆ, ಆದರೆ ಎಲ್ಲದರಲ್ಲೂ ಹುಡುಕುವುದು ಒಂದೊಂದು ಪ್ರೋಟೀನನ್ನು. ಅದು ಇರಬಾರದ ಜಾಗದಲ್ಲಿ ಸಿಕ್ಕರೆ, ಅಥವಾ ಇರಬೇಕಾದ್ದಕ್ಕಿಂತ ಜಾಸ್ತಿಯಾದರೆ, ಯಾವ ಅಂಗಕ್ಕೆ ತೊಂದರೆಯಾಗಿದೆ ಅಥವಾ ಯಾವ ಸೋಂಕು ತಗುಲಿದೆ ಅನ್ನುವ ಸುಳಿವು ಸಿಗುತ್ತದೆ. ಆ ಒಂದು ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಬಳಸಿ ಅದನ್ನು ಹಿಡಿಯುತ್ತಾರೆ. ಮನೆಯಲ್ಲೇ ಮಾಡುವ ಪ್ರೆಗ್ನೆನ್ಸಿ ಕಿಟ್ ಕೂಡ ಇದೇ ರೀತಿ ಕೆಲಸ ಮಾಡುತ್ತದೆ.

ರಿಪೋರ್ಟಿನಲ್ಲಿ ಬರುವ ಸಂಖ್ಯೆಗಿಂತ ಮೊದಲು ನೋಡಬೇಕಾದ್ದು, ಸ್ಯಾಂಪಲ್ ಯಾವಾಗ ಕೊಟ್ಟಿರಿ ಅನ್ನುವುದನ್ನು. ಕೊಡಗಿನಲ್ಲಂತೂ ಇದು ತುಂಬಾ ಮುಖ್ಯ. ಎಷ್ಟೋ ಮನೆಗಳಿಂದ ತೋಟದ ದಾರಿ ಇಳಿದು ಟಾರ್ ರಸ್ತೆ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ. ಮಡಿಕೇರಿಯಿಂದ ಮೈಸೂರು ಇನ್ನೂ ಸುಮಾರು 120 ಕಿಲೋಮೀಟರ್.

ಟ್ರೋಪೋನಿನ್ ಇರುವುದು ಹೃದಯದ ಸ್ನಾಯುವಿನೊಳಗೆ. ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ, ಆದರೆ ಆ ಕ್ಷಣಕ್ಕೇ ಅಲ್ಲ. ಮಾಮೂಲಿ ಟೆಸ್ಟಿನಲ್ಲಿ ಕಾಣಿಸಿಕೊಳ್ಳಲು ನೋವು ಶುರುವಾಗಿ 3-4 ಗಂಟೆ ಬೇಕು. ಆಮೇಲೆ ಏರುತ್ತಾ ಹೋಗಿ, ಒಂದು ವಾರಕ್ಕೂ ಜಾಸ್ತಿ ದಿನ ರಕ್ತದಲ್ಲಿ ಉಳಿಯಬಹುದು. ಅಂದರೆ ನೋವು ಬಂದು ಒಂದು ಗಂಟೆಯೊಳಗೆ ರಕ್ತ ಕೊಟ್ಟು, ನಾರ್ಮಲ್ ಅಂತ ಬಂತು ಅಂದುಕೊಂಡು, ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಗೆ ವಾಪಸ್ ಹೋಗುವುದು ದೊಡ್ಡ ಅಪಾಯ. ದಯವಿಟ್ಟು ಹಾಗೆ ಮಾಡಬೇಡಿ.

ಎದೆ ನೋವು ಬಂದರೆ ಮೊದಲು 108ಕ್ಕೆ ಫೋನ್ ಮಾಡಿ, ನೋವು ಶುರುವಾದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡಿ. ಟೆಸ್ಟ್ ಎಲ್ಲಿ ಮಾಡಿಸೋಣ ಅಂತ ಲ್ಯಾಬ್ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೇ ಹೋಗಿ. ಅಲ್ಲಿ ಮೊದಲು ಆಗಬೇಕಾದ್ದು ಇಸಿಜಿ. ಅದರಲ್ಲೇ ದೊಡ್ಡ ಹೃದಯಾಘಾತ ಸ್ಪಷ್ಟವಾಗಿ ಕಂಡರೆ ಟ್ರೋಪೋನಿನ್ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ, ಮಾಡಲೇಬೇಕು. ಇಸಿಜಿಯಲ್ಲಿ ಏನೂ ಗೊತ್ತಾಗದಿದ್ದರೆ ಟ್ರೋಪೋನಿನ್ ಬೇಕಾಗುತ್ತದೆ, ಅದೂ ಸಾಮಾನ್ಯವಾಗಿ ಎರಡು ಸಲ. ಹೊಸ ಹೈ ಸೆನ್ಸಿಟಿವಿಟಿ ಟೆಸ್ಟ್ ಆದರೆ 1ರಿಂದ 3 ಗಂಟೆ ಬಿಟ್ಟು, ಹಳೆಯದಾದರೆ ಇನ್ನೂ ಜಾಸ್ತಿ ಹೊತ್ತು ಬಿಟ್ಟು. "ಎರಡನೇ ಸಲ ಯಾವಾಗ ನೋಡ್ತೀರಿ?" ಅಂತ ನೀವೇ ಕೇಳಿ, ಸಂಕೋಚ ಬೇಡ. ಎರಡು ರಿಪೋರ್ಟಿನ ನಡುವೆ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದರಲ್ಲೇ ಮುಖ್ಯ ವಿಷಯ ಇರುವುದು. ಕಿಡ್ನಿ ತೊಂದರೆ ಇರುವವರಲ್ಲಿ ಟ್ರೋಪೋನಿನ್ ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರಬಹುದು, ಆದರೆ ಅದು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರೆ ಮೊದಲ ರಿಪೋರ್ಟ್ ಜೊತೆಗೇ ಇರಲಿ. ಆದರೆ ಟ್ರೋಪೋನಿನ್ ಐ ಬೇರೆ, ಟಿ ಬೇರೆ. ಅಳತೆಯೂ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೀವೇ ಹೋಲಿಸಬೇಡಿ. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ. ಕೆಲವು ಯಂತ್ರಗಳಲ್ಲಿ ಬಯೋಟಿನ್‌ನಿಂದಾಗಿ ಟ್ರೋಪೋನಿನ್ ಇರುವುದಕ್ಕಿಂತ ಕಡಿಮೆ ತೋರಿಸಿಬಿಡುತ್ತದೆ.

ಡೆಂಗಿಯಲ್ಲಿ ಲೆಕ್ಕ ಗಂಟೆಯದ್ದಲ್ಲ, ದಿನದ್ದು. ಎನ್‌ಎಸ್ ಒನ್ ವೈರಸ್ಸಿನದೇ ಪ್ರೋಟೀನ್. ಜ್ವರದ ಮೊದಲ 5 ದಿನದಲ್ಲಿ ಚೆನ್ನಾಗಿ ಸಿಗುತ್ತದೆ, ಆಮೇಲೆ ವೈರಸ್ಸಿನ ವಿರುದ್ಧ ನಮ್ಮ ಮೈ ತಯಾರಿಸುವ ಐಜಿಎಂ ಆಂಟಿಬಾಡಿ ನೋಡಬೇಕು. ಹಾಗಾಗಿ ಜ್ವರ ಎಷ್ಟನೇ ದಿನ ಅಂತ ಲ್ಯಾಬಿನಲ್ಲಿ ಸರಿಯಾಗಿ ಹೇಳಿ.

ಇನ್ನು ಆಲ್ಬುಮಿನ್. ಕಿಡ್ನಿಯ ಜರಡಿ ಸರಿಯಿದ್ದರೆ ಇದು ಮೂತ್ರಕ್ಕೆ ಅಷ್ಟಾಗಿ ದಾಟುವುದಿಲ್ಲ. ಟೈಪ್ ಟು ಸಕ್ಕರೆ ಕಾಯಿಲೆಯವರು ವರ್ಷಕ್ಕೆ ಒಮ್ಮೆಯಾದರೂ ಈ ಟೆಸ್ಟ್ ಮಾಡಿಸಬೇಕು, ಯಾಕೆಂದರೆ ಕಾಲು ಊದಿಕೊಳ್ಳುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ಇದು ಎಚ್ಚರಿಕೆ ಕೊಡುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಒಳ್ಳೆಯದು. ಹಿಂದಿನ ದಿನ ಕಾಫಿ ಮೂಟೆ ಹೊತ್ತು ಮೈ ದಣಿದಿದ್ದರೆ, ಜ್ವರ ಇದ್ದರೆ, ಮುಟ್ಟಾಗಿದ್ದರೆ ಇನ್ನೊಂದು ದಿನ ಕೊಡಿ. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ, ಅದು ನಮಗೆಲ್ಲ ಗೊತ್ತು. ಪಟ್ಟಿ ಅದ್ದಿ ಬಣ್ಣ ನೋಡುವ ಟೆಸ್ಟಿದ್ದರೆ ಬಣ್ಣ ತಿಳಿಯಾಗುವವರೆಗೆ ತಡೆಯಿರಿ. ರಿಪೋರ್ಟಿನಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30ರ ಒಳಗಿದ್ದರೆ ಚಿಂತೆಯಿಲ್ಲ. ದಾಟಿದರೆ 3-6 ತಿಂಗಳಲ್ಲಿ ಮತ್ತೆ ನೋಡಿಸಿ. 3 ಸಲದಲ್ಲಿ 2 ಸಲ ಜಾಸ್ತಿ ಬಂದರೆ ಮಾತ್ರ ಅದು ಕಿಡ್ನಿ ತೊಂದರೆ ಅಂತ ಲೆಕ್ಕ.

ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ ಒನ್ ಸಿ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹಿಮೋಗ್ಲೋಬಿನ್ ಅನ್ನುವ ಪ್ರೋಟೀನಿಗೆ ಅಂಟಿದ ಸಕ್ಕರೆಯ ಅಳತೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ ಅನ್ನುವ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇರುವವರಲ್ಲಿ ಕಣಗಳು ಬೇಗ ಸಾಯುತ್ತವೆ, ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ. ನಮ್ಮ ಯರವ, ಜೇನುಕುರುಬ ಹಾಡಿಗಳಲ್ಲಿ ಈ ಕಾಯಿಲೆ ಇದೆ. ಅಂಥವರಿಗೆ ಊಟದ ಮುಂಚೆ ಮತ್ತು ಆಮೇಲಿನ ನೇರ ಸಕ್ಕರೆ ಟೆಸ್ಟೇ ಸರಿ. ಸಿಕಲ್ ಸೆಲ್‌ಗೆ ಹಿಮೋಗ್ಲೋಬಿನ್ನಿನ ದೋಷವೇ ಕಾರಣ ಅಂತ ವಿಜ್ಞಾನಿ ಲೈನಸ್ ಪಾಲಿಂಗ್ ತಂಡ 1949ರಲ್ಲೇ ತೋರಿಸಿತ್ತು. ಇಷ್ಟು ವರ್ಷದ ಮೇಲೂ ಅದು ಗೊತ್ತಾಗದೆ ಮಕ್ಕಳು ನರಳುವುದು ಆಗಬಾರದು. 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದೊಳಗಿನವರಿಗೆ ತಪಾಸಣೆ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಪಿಎಸ್‌ಎ 4 ದಾಟಿತು, ಪ್ರಾಸ್ಟೇಟ್ ಕ್ಯಾನ್ಸರೇ ಇರಬೇಕು ಅಂತ ನಿದ್ದೆಗೆಡಬೇಡಿ. ವಯಸ್ಸಿಗೆ ಪ್ರಾಸ್ಟೇಟ್ ದಪ್ಪಗಾದರೂ, ಮೂತ್ರದ ಸೋಂಕಾದರೂ ಅದು ಏರುತ್ತದೆ. ಸೋಂಕು ವಾಸಿಯಾಗಿ ಸುಮಾರು 6 ವಾರ ಕಳೆದ ಮೇಲೆ ಮತ್ತೆ ಮಾಡಿಸಿ. ಆಗಲೂ ಇಳಿಯದಿದ್ದರೆ ಡಾಕ್ಟರು ಎಂಆರ್‌ಐ ಹೇಳಬಹುದು, ಆದರೆ ಕ್ಯಾನ್ಸರ್ ಹೌದೋ ಅಲ್ಲವೋ ಅಂತ ತೀರ್ಮಾನ ಆಗುವುದು ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ.